ಉಪ್ಪು ತಾಳದ ಭತ್ತವೇ ಸವಳು ನೆಲದಲ್ಲಿ ಉಳಿದ ಬಗೆ

ಯಾವ ಬೆಳೆ ಎಷ್ಟು ಉಪ್ಪನ್ನು ತಾಳಿಕೊಳ್ಳುತ್ತದೆ ಎಂದು ತಿಳಿಸುವ ಒಂದು ಕೋಷ್ಟಕ ಕೃಷಿ ಕಾಲೇಜಿನ ತರಗತಿಗಳಿಂದ ರೈತ ತರಬೇತಿಗಳವರೆಗೆ ಎಲ್ಲೆಡೆ ಬಳಕೆಯಲ್ಲಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ರಿವರ್‌ಸೈಡ್‌ನಲ್ಲಿರುವ ಲವಣ ಸಂಶೋಧನಾ ಪ್ರಯೋಗಾಲಯದ ಮಾಸ್ ಮತ್ತು ಹಾಫ್‌ಮನ್ ಎಂಬ ವಿಜ್ಞಾನಿಗಳು 1977ರಲ್ಲಿ ಕ್ರೋಡೀಕರಿಸಿದ ಅಂಕಿಗಳೇ ಅದರ ಮೂಲ, ಕೆಲವು ಬೆಳೆಗಳ ಅಂಕಿಗಳು ಆಮೇಲೆ ಸೇರಿದವು. ಮಣ್ಣಿನ ದ್ರಾವಣದ ವಿದ್ಯುತ್ ವಾಹಕತೆ, ಅಂದರೆ ಇ.ಸಿ., ಯಾವ ಮಿತಿಯನ್ನು ಮುಟ್ಟುವವರೆಗೆ ಇಳುವರಿಗೆ ಪೆಟ್ಟು ಬೀಳುವುದಿಲ್ಲ, ಆ ಮಿತಿ ದಾಟಿದ ಮೇಲೆ ಇ.ಸಿ.ಯನ್ನು ಅಳೆಯುವ ಮಾನವಾದ ಡೆಸಿಸೀಮನ್ಸ್ ಒಂದೊಂದು ಏರಿದಂತೆ ಶೇಕಡ ಎಷ್ಟು ಇಳುವರಿ ಕುಸಿಯುತ್ತದೆ ಎಂಬ ಎರಡು ಸಂಖ್ಯೆಗಳನ್ನು ಅದು ಪ್ರತಿ ಬೆಳೆಗೂ ಕೊಡುತ್ತದೆ. ಹತ್ತಿಯ ಮಿತಿ 7.7, ಜೋಳದ್ದು 6.8, ಸೂರ್ಯಕಾಂತಿಯದು 4.8, ಶೇಂಗಾದ್ದು 3.2, ಭತ್ತದ್ದು 3.0. ಮಿತಿ ದಾಟಿದ ಮೇಲೆ ಹತ್ತಿಯ ಇಳುವರಿ ಪ್ರತಿ ಡೆಸಿಸೀಮನ್ಸ್‌ಗೆ ಶೇ 5.2ರಷ್ಟು ಇಳಿದರೆ ಭತ್ತದ್ದು ಶೇ 12ರಷ್ಟು ಇಳಿಯುತ್ತದೆ. ಈ ಲೆಕ್ಕದ ಪ್ರಕಾರ ಉಪ್ಪೆದ್ದ ನೆಲದಲ್ಲಿ ಹತ್ತಿ ಬೆಳೆಯಬೇಕು, ಜೋಳ ಬೆಳೆಯಬೇಕು. ಭತ್ತವನ್ನು ಅಲ್ಲಿ ನೆನೆಯಲೂಬಾರದು.

ಈ ಕೋಷ್ಟಕವನ್ನು ಕೈಯಲ್ಲಿ ಹಿಡಿದು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಸೀಮೆಗೆ ಹೋದವರಿಗೆ ಕಾಣುವುದು ಇದಕ್ಕೆ ತೀರ ವಿರುದ್ಧವಾದ ಚಿತ್ರ. ಬದುವಿನ ಮೇಲೆ ಬೆಳ್ಳಗೆ ಉಪ್ಪು ಕಟ್ಟಿರುವ, ಬೇಸಿಗೆಯಲ್ಲಿ ಕಾಲಿಟ್ಟರೆ ಮೇಲ್ಪದರ ಪುಡಿಯಾಗಿ ಕುಸಿಯುವ ಹೊಲಗಳಲ್ಲಿ ಭತ್ತವಲ್ಲದೆ ಬೇರೆ ಬೆಳೆಯೇ ಇಲ್ಲ. ಕಾಲುವೆ ಬರುವುದಕ್ಕೆ ಮುಂಚೆ ಇದೇ ಎರೆ ಭೂಮಿಯಲ್ಲಿ ಜೋಳವನ್ನೂ ಹತ್ತಿಯನ್ನೂ ಬೆಳೆಯುತ್ತಿದ್ದರು. ಕೋಷ್ಟಕದ ಪ್ರಕಾರ ಉಪ್ಪನ್ನು ಹೆಚ್ಚು ತಾಳಬಲ್ಲ ಬೆಳೆಗಳು ಹೊಲ ಬಿಟ್ಟು ಹೋಗಿವೆ, ತಾಳಲಾರದ ಬೆಳೆ ಉಳಿದುಕೊಂಡಿದೆ. ಭತ್ತಕ್ಕೆ ಸಿಗುವ ಬೆಲೆ ಮತ್ತು ಮಾರುಕಟ್ಟೆ ಇದಕ್ಕೆ ಒಂದು ಕಾರಣ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಬೆಲೆಯ ಮಾತನ್ನು ಪೂರ್ತಿ ಬದಿಗಿಟ್ಟು ನೋಡಿದರೂ ಆ ನೆಲದಲ್ಲಿ ಇಂದು ಹತ್ತಿ ಬದುಕುವುದಿಲ್ಲ. ಕೆಟ್ಟ ನೆಲಕ್ಕೆ ಬೆಳೆಗಳು ಹೇಗೆ ಪ್ರತಿಕ್ರಿಯಿಸುತ್ತವೆ ಎಂಬ ದೊಡ್ಡ ವಿಷಯವನ್ನು ಈ ಒಂದು ವಿಚಿತ್ರದ ಮೂಲಕವೇ ನೋಡುವುದು ಈ ಬರಹದ ಉದ್ದೇಶ.

ಉಪ್ಪು ಎಲ್ಲಿಂದ ಬಂತು ಎಂಬುದನ್ನು ಮೊದಲು ಹೇಳಬೇಕು. ಹೊಸಪೇಟೆಯ ಬಳಿ ಕಟ್ಟಿದ ಅಣೆಕಟ್ಟೆಯಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಯೋಜನೆಯನ್ನು ರೂಪಿಸಿದವರು ಭತ್ತಕ್ಕೆ ಮೀಸಲಿಟ್ಟ ಪಾಲು ಚಿಕ್ಕದು. ಹೆಚ್ಚಿನ ಭೂಮಿಯನ್ನು ಜೋಳ, ಹತ್ತಿ, ಶೇಂಗಾದಂಥ ಅರೆನೀರಾವರಿ ಬೆಳೆಗಳಿಗೆ ಎಂದು ಗುರುತಿಸಿದ್ದರು. ನೀರು ಮೊದಲು ಸಿಗುವ ಮೇಲ್ಭಾಗದ ಹೊಲಗಳಲ್ಲಿ ಆ ಗುರುತು ಬಹಳ ಕಾಲ ಉಳಿಯಲಿಲ್ಲ. ಭತ್ತದ ಮಡಿಯಲ್ಲಿ ತಿಂಗಳುಗಟ್ಟಲೆ ನಿಂತ ನೀರು ಎರೆ ಮಣ್ಣಿನಲ್ಲಿ ಮೆಲ್ಲನೆ ಇಳಿಯಿತು; ಹಳ್ಳಗಳ ಕಡೆಗೆ ಬಸಿದುಹೋಗುವುದಕ್ಕಿಂತ ಹೆಚ್ಚು ನೀರು ಕೆಳಗೆ ಸೇರುತ್ತ ಹೋದಂತೆ, ಆಳದಲ್ಲಿದ್ದ ಅಂತರ್ಜಲ ವರ್ಷದಿಂದ ವರ್ಷಕ್ಕೆ ಮೇಲೆದ್ದು ತಗ್ಗಿನ ಹೊಲಗಳಲ್ಲಿ ಬೇರಿನ ಮಟ್ಟಕ್ಕೇ ಬಂದು ನಿಂತಿತು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ, ಅದರ ಎರಡು ಪಟ್ಟಿಗಿಂತ ಹೆಚ್ಚು ನೀರನ್ನು ಬಿಸಿಲು ಹೀರಬಲ್ಲ ಸೀಮೆಯಿದು. ಅಂತರ್ಜಲ ಮೇಲ್ಮೈಯಿಂದ ಒಂದೂವರೆ ಮೀಟರಿನೊಳಗೆ ಬಂದಿತೆಂದರೆ, ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಮಣ್ಣು ಆ ನೀರನ್ನು ಮೇಲಕ್ಕೆ ಎಳೆಯುತ್ತದೆ. ನೀರು ಆರಿಹೋಗುತ್ತದೆ, ಅದರಲ್ಲಿದ್ದ ಲವಣ ಮಾತ್ರ ಉಳಿಯುತ್ತದೆ.

ಕಾಲುವೆಯ ನೀರೂ ಬರಿಗೈಯಲ್ಲಿ ಬರುವುದಿಲ್ಲ. ಸಿಹಿನೀರೆಂದೇ ಕರೆಸಿಕೊಳ್ಳುವ, ಲೀಟರಿಗೆ 200 ಮಿಲಿಗ್ರಾಂ ಲವಣವಿರುವ ನೀರನ್ನು ಒಂದು ಎಕರೆಗೆ ಒಂದು ಮೀಟರ್ ಆಳದಷ್ಟು ಹಾಯಿಸಿದರೆ ಸುಮಾರು 800 ಕಿಲೋ ಲವಣ ಹೊಲಕ್ಕೆ ಸೇರುತ್ತದೆ. ಐವತ್ತು ಕಿಲೋದ ಹದಿನಾರು ಚೀಲ. ಹೊರಕ್ಕೆ ಹೋಗುವ ದಾರಿ ಇದ್ದರೆ ಇದೊಂದು ಸಮಸ್ಯೆಯೇ ಅಲ್ಲ. ದಾರಿ ಇಲ್ಲದಿದ್ದರೆ ಪ್ರತಿ ಬೆಳೆಯಲ್ಲೂ ಲೆಕ್ಕಕ್ಕೆ ಕೂಡಿಕೆ ಮಾತ್ರ ಇರುತ್ತದೆ, ಕಳೆಯುವಿಕೆ ಇರುವುದಿಲ್ಲ. ಉತ್ತರ ಕರ್ನಾಟಕದ ರೈತರು ಸವಳು ಮತ್ತು ಜವಳು ಎಂಬ ಎರಡು ಮಾತುಗಳನ್ನು ಒಟ್ಟಿಗೇ ಆಡುತ್ತಾರೆ. ಒಂದು ಉಪ್ಪಿನ ಬಾಧೆ, ಇನ್ನೊಂದು ನೀರು ನಿಂತ ಬಾಧೆ. ಪಠ್ಯಪುಸ್ತಕಗಳು ಇವೆರಡನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುತ್ತವೆ. ಹೊಲದಲ್ಲಿ ಅವು ಒಟ್ಟಿಗೇ ಇರುತ್ತವೆ, ಮತ್ತು ಬೆಳೆ ಉತ್ತರ ಕೊಡಬೇಕಾಗಿರುವುದು ಎರಡಕ್ಕೂ ಒಂದೇ ಸಲ.

ಉಪ್ಪೊಂದೇ ಇದ್ದಾಗ ಗಿಡ ಏನು ಮಾಡುತ್ತದೆ ಎಂಬುದು ಚೆನ್ನಾಗಿ ತಿಳಿದಿರುವ ವಿಷಯ. ಮೊದಲ ಪೆಟ್ಟು ನೀರಿನದು. ಮಣ್ಣಿನ ದ್ರಾವಣ ಉಪ್ಪಾದಷ್ಟೂ ಅದರಿಂದ ನೀರನ್ನು ಎಳೆದುಕೊಳ್ಳುವುದು ಬೇರಿಗೆ ಕಷ್ಟವಾಗುವುದರಿಂದ, ಮಡಿಯಲ್ಲಿ ನೀರು ತುಂಬಿದ್ದರೂ ಗಿಡ ಬರಗಾಲದಲ್ಲಿರುವಂತೆ ನಡೆದುಕೊಳ್ಳುತ್ತದೆ: ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ಹೊಸ ಎಲೆಗಳನ್ನು ಚಿಕ್ಕದಾಗಿ ಬಿಡುತ್ತದೆ, ತೆಂಡೆ ಒಡೆಯುವುದನ್ನು ಕಡಿಮೆ ಮಾಡುತ್ತದೆ. ಈ ಹಂತ ನಿಮಿಷಗಳಲ್ಲೇ ಆರಂಭವಾಗುತ್ತದೆ, ಮತ್ತು ಈ ಹಂತದಲ್ಲಿ ಎಲೆಯ ಮೇಲೆ ಯಾವ ಕಲೆಯೂ ಕಾಣುವುದಿಲ್ಲ. ಬೆಳವಣಿಗೆ ಕುಂಠಿತವಾದದ್ದನ್ನು ಪಕ್ಕದ ಒಳ್ಳೆಯ ಗದ್ದೆಯ ಜೊತೆ ಹೋಲಿಸಿ ನೋಡಿದವರು ಮಾತ್ರ ಗುರುತಿಸಬಲ್ಲರು.

ಎರಡನೆಯ ಪೆಟ್ಟು ಸೋಡಿಯಂನದು, ಅದು ದಿನಗಳ ಮತ್ತು ವಾರಗಳ ಲೆಕ್ಕದಲ್ಲಿ ಬರುತ್ತದೆ. ಸೋಡಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳು ಒಂದನ್ನೊಂದು ಹೋಲುತ್ತವೆ; ಪೊಟ್ಯಾಸಿಯಂ ಇಲ್ಲದೆ ಕೆಲಸ ಮಾಡದ ಕಿಣ್ವಗಳು ಐವತ್ತಕ್ಕೂ ಹೆಚ್ಚು ಇವೆ, ಆ ಜಾಗದಲ್ಲಿ ಸೋಡಿಯಂ ಬಂದು ಕುಳಿತರೆ ಕೆಲಸ ನಡೆಯುವುದಿಲ್ಲ. ಆದ್ದರಿಂದ ಬಹುತೇಕ ಬೆಳೆಗಳು ಸೋಡಿಯಂ ಅನ್ನು ಬೇರಿನಲ್ಲೇ ತಡೆಯುತ್ತವೆ, ಒಳಗೆ ಬಂದದ್ದನ್ನು ಶಕ್ತಿ ವ್ಯಯಿಸಿ ಹೊರದಬ್ಬುತ್ತವೆ, ಆಗಲೂ ಉಳಿದದ್ದನ್ನು ಜೀವಕೋಶದ ರಸದಾನಿಯಲ್ಲಿ ಕೂಡಿಹಾಕುತ್ತವೆ. ಈ ತಡೆ ಎಷ್ಟು ಬಿಗಿಯಾಗಿರಬೇಕು ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಗಿಡ ತನ್ನೊಳಗೆ ಉಳಿಸಿಕೊಳ್ಳುವ ನೀರಿನ ಸುಮಾರು ಐವತ್ತು ಪಟ್ಟು ನೀರನ್ನು ಎಲೆಗಳ ಮೂಲಕ ಹೊರಬಿಡುತ್ತದೆ. ಹಾಗಾಗಿ ಬೇರು ಶೇ 98ರಷ್ಟು ಉಪ್ಪನ್ನು ತಡೆದರೂ ಉಳಿದ ಶೇ 2ರಿಂದಲೇ ಎಲೆಯ ಉಪ್ಪು ಮಣ್ಣಿನ ದ್ರಾವಣದ ಉಪ್ಪಿಗೆ ಸಮನಾಗಿಬಿಡುತ್ತದೆ. ತಡೆ ಶೇ 96ಕ್ಕೆ ಇಳಿದರೆ ಎಲೆಯಲ್ಲಿ ಸೇರುವ ಉಪ್ಪು ಎರಡು ಪಟ್ಟಾಗುತ್ತದೆ. ಬೇರಿನ ಕಾವಲಿನಲ್ಲಿ ನೂರಕ್ಕೆ ಎರಡರಷ್ಟು ಸಡಿಲವಾದರೆ ಸಾಕು, ಬೆಳೆಯ ಹಣೆಬರಹ ಬದಲಾಗುತ್ತದೆ.

ಭತ್ತದ ಕಾವಲು ಮೊದಲೇ ಸಡಿಲ. ಅದರ ಬೇರಿನಲ್ಲಿ ಕವಲು ಬೇರುಗಳು ಹೊರಡುವ ಜಾಗದಲ್ಲಿ ಒಳಪದರದ ತಡೆ ಪೂರ್ತಿ ಕೂಡಿಕೊಂಡಿರುವುದಿಲ್ಲ. ಆ ಸಂದಿಗಳಿಂದ ನೀರಿನ ಜೊತೆಗೆ ಸೋಡಿಯಂ ಯಾವ ತಪಾಸಣೆಯೂ ಇಲ್ಲದೆ ಮೇಲಕ್ಕೆ ಏರುತ್ತದೆ. ಭತ್ತದ ಮಿತಿ ಕೇವಲ 3.0 ಆಗಿರುವುದಕ್ಕೆ ಇದೊಂದು ಮುಖ್ಯ ಕಾರಣ. ಸಿಲಿಕಾನ್ ಸಾಕಷ್ಟು ದೊರೆತ ಭತ್ತದ ಬೇರಿನಲ್ಲಿ ಈ ಸೋರಿಕೆ ಕಡಿಮೆಯಾಗುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡಿದೆ. ಹಾಗೆ ನೋಡಿದರೆ, ಗಿರಣಿಗಳ ಹಿಂದೆ ಗುಡ್ಡೆಯಾಗಿ ಬಿದ್ದು ಊರಿಗೆಲ್ಲ ಹಾರುವ ಭತ್ತದ ಹೊಟ್ಟಿನ ಬೂದಿಯಲ್ಲಿ ಇರುವುದು ಬಹುಪಾಲು ಸಿಲಿಕಾವೇ.

ಇನ್ನು ಹತ್ತಿಗೆ ಬರೋಣ. ಹತ್ತಿ ಸೋಡಿಯಂ ಅನ್ನು ಒಳಗೆ ಬಿಟ್ಟುಕೊಂಡು ಎಲೆಯ ರಸದಾನಿಗಳಲ್ಲಿ ಬಚ್ಚಿಡಬಲ್ಲ ಬೆಳೆ, ಅದರ 7.7ರ ಮಿತಿಯ ಬಲ ಅಲ್ಲಿದೆ. ಆದರೆ ಅಯಾನುಗಳನ್ನು ಹೊರದಬ್ಬುವುದಕ್ಕೂ ಬಚ್ಚಿಡುವುದಕ್ಕೂ ಶಕ್ತಿ ಬೇಕು, ಶಕ್ತಿಗೆ ಉಸಿರಾಟ ಬೇಕು, ಉಸಿರಾಟಕ್ಕೆ ಬೇರಿನ ಸುತ್ತ ಗಾಳಿ ಬೇಕು. ಜವಳು ನೆಲದಲ್ಲಿ ಮಣ್ಣಿನ ರಂಧ್ರಗಳೆಲ್ಲ ನೀರಿನಿಂದ ತುಂಬಿರುವುದರಿಂದ ಉಳಿದ ಅಲ್ಪಸ್ವಲ್ಪ ಆಮ್ಲಜನಕವನ್ನು ಬೇರುಗಳೂ ಸೂಕ್ಷ್ಮಜೀವಿಗಳೂ ಒಂದೆರಡು ದಿನಗಳಲ್ಲೇ ಮುಗಿಸುತ್ತವೆ, ನೀರಿನ ಮೂಲಕ ಹೊಸ ಆಮ್ಲಜನಕ ಇಳಿಯುವ ವೇಗ ಗಾಳಿಯಲ್ಲಿ ಇಳಿಯುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಉಸಿರುಗಟ್ಟಿದ ಬೇರಿನಲ್ಲಿ ಅಯಾನು ಪಂಪುಗಳು ನಿಲ್ಲುತ್ತವೆ. ತಡೆಯಬೇಕಾದ ಸೋಡಿಯಂ ಒಳಗೆ ನುಗ್ಗುತ್ತದೆ, ಇರಬೇಕಾದ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಕೋಷ್ಟಕದಲ್ಲಿ ಹತ್ತಿಗೆ 7.7 ಎಂದು ಬರೆದದ್ದು ನೀರು ಚೆನ್ನಾಗಿ ಬಸಿಯುವ, ಗಾಳಿಯಾಡುವ ಮಣ್ಣಿನಲ್ಲಿ ಅಳೆದ ಅಂಕಿ. ಜವಳಿನಲ್ಲಿ ಆ ಅಂಕಿಗೆ ಅರ್ಥವಿಲ್ಲ. ಅಲ್ಲಿ ಇ.ಸಿ. 3 ಇದ್ದರೂ ಹತ್ತಿ ಹಳದಿಯಾಗಿ, ಎಲೆ ಉದುರಿಸಿ, ಬಾಡಿ ನಿಲ್ಲುತ್ತದೆ.

ಭತ್ತಕ್ಕೆ ಈ ತೊಂದರೆ ಇಲ್ಲ. ಅದರ ಕಾಂಡದಿಂದ ಬೇರಿನ ತುದಿಯವರೆಗೆ ಗಾಳಿಯ ಕೊಳವೆಗಳಿವೆ. ಎಲೆ ಹೀರಿದ ಆಮ್ಲಜನಕ ಅವುಗಳ ಮೂಲಕ ಕೆಳಗಿಳಿಯುತ್ತದೆ. ಉಪ್ಪಿನ ವಿಷಯದಲ್ಲಿ ದುರ್ಬಲವಾದ ಬೆಳೆ ಗಾಳಿಯ ವಿಷಯದಲ್ಲಿ ಸ್ವಾವಲಂಬಿ. ಇದರ ಜೊತೆಗೆ ಮಡಿಯಲ್ಲಿ ನಿಲ್ಲಿಸಿದ ನೀರು ಬೇರಿನ ಸುತ್ತಲಿನ ಉಪ್ಪನ್ನು ತೆಳುವಾಗಿಸುತ್ತದೆ, ಸ್ವಲ್ಪವನ್ನು ಕೆಳಗೆ ಒತ್ತುತ್ತದೆ. ಅದೇ ಕೋಷ್ಟಕದ ಅಡಿಟಿಪ್ಪಣಿಯಲ್ಲಿ, ಭತ್ತದ ಅಂಕಿ ಗಿಡ ನೀರಿನಲ್ಲಿ ನಿಂತಿರುವಾಗಿನ ಮಣ್ಣಿನ ನೀರಿನ ವಾಹಕತೆಗೆ ಸಂಬಂಧಿಸಿದ್ದು ಎಂಬ ವಿವರಣೆ ಇದೆ. ಅಡಿಟಿಪ್ಪಣಿಗಳನ್ನು ಓದುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಕೋಷ್ಟಕ ಒಂದು ತರಬೇತಿಯಿಂದ ಇನ್ನೊಂದಕ್ಕೆ ಸಾಗುವಾಗ ಮೊದಲು ಕಳಚಿ ಬೀಳುವುದೇ ಅವು.

ಹೀಗಾಗಿ ತನ್ನನ್ನು ಬೆಳೆಯಲು ಹಾಯಿಸಿದ ನೀರಿನಿಂದಲೇ ಕೆಟ್ಟ ನೆಲದಲ್ಲಿ ಭತ್ತ ಕೊನೆಯ ಬೆಳೆಯಾಗಿ ಉಳಿಯುತ್ತದೆ. ರೈತನ ಕಡೆಯಿಂದ ನೋಡಿದರೆ ಇದು ಅವಿವೇಕವಲ್ಲ. ಸಿಂಧನೂರು ಸೀಮೆಯ ಹಿರಿಯ ರೈತರೊಬ್ಬರು ಹೇಳಿದ ಮಾತು ನನಗೆ ಯಾವ ಪ್ರಬಂಧಕ್ಕಿಂತಲೂ ಸ್ಪಷ್ಟವಾಗಿ ಕಂಡಿತು: “ಭೂಮ್ಯಾಗ ಉಪ್ಪು ಎದ್ದೈತಿ ಅನ್ನೋದು ನಮಗೂ ಗೊತ್ತೈತ್ರೀ ಸರ. ಹತ್ತಿ ಹಾಕಿದ್ರ ಹುಟ್ಟೂದ ಇಲ್ಲ, ಹುಟ್ಟಿದ್ರೂ ನಿಲ್ಲೂದಿಲ್ಲ. ನೆಲ್ಲು ಆದ್ರ ಹತ್ತು ಚೀಲ ಕಡಿಮಿ ಆದ್ರೂ ಬರ್ತೈತಿ.” ಆ ಹತ್ತು ಚೀಲದ ಕೊರತೆಯನ್ನು ಅವರು ಬೀಜದ, ಗೊಬ್ಬರದ, ಹವಾಮಾನದ ಲೆಕ್ಕಕ್ಕೆ ಹಂಚಿಬಿಟ್ಟಿದ್ದರು. ಬೆಳೆ ಬಂದಷ್ಟು ದಿನ ನೆಲ ಬದುಕಿದೆ ಎಂದೇ ಯಾರಿಗಾದರೂ ಅನ್ನಿಸುತ್ತದೆ. ನನ್ನ ಆತಂಕ ಇರುವುದು ಇಲ್ಲಿಯೇ: ಬೆಳೆಯ ತಾಳ್ಮೆ ನೆಲದ ಅನಾರೋಗ್ಯವನ್ನು ಮರೆಮಾಡುತ್ತದೆ, ಮತ್ತು ಆ ಮರೆ ಕಳಚುವ ಹೊತ್ತಿಗೆ ದುರಸ್ತಿಯ ಖರ್ಚು ಒಬ್ಬ ರೈತನ ಕೈ ಮೀರಿರುತ್ತದೆ.

ಮರೆ ಪೂರ್ತಿಯಾಗಿಯೇನೂ ಇರುವುದಿಲ್ಲ; ಎಲ್ಲಿ ನೋಡಬೇಕು ಎಂದು ತಿಳಿದಿರಬೇಕು. ನಾಟಿಯಾಗಿ ತಿಂಗಳಾದ ಇಂಥದೊಂದು ಗದ್ದೆಯಲ್ಲಿ ಇಳಿದು ಒಂದು ಬುಡವನ್ನು ಕೈಯಿಂದ ಹಿಡಿದು, ಮಣ್ಣಿನ ಹೆಂಟೆ ಸಮೇತ ಎತ್ತಿ, ಕಾಲುವೆಯ ನೀರಿನಲ್ಲಿ ಅಲುಗಾಡಿಸಿ ತೊಳೆದರೆ ಬೇರು ತಾನೇ ಮಾತಾಡುತ್ತದೆ. ಒಳ್ಳೆಯ ಗದ್ದೆಯ ಭತ್ತದ ಬೇರಿನಲ್ಲಿ ತುದಿಗಳು ಬೆಳ್ಳಗಿದ್ದು, ಹಳೆಯ ಭಾಗಕ್ಕೆ ಕಂದುಗೆಂಪು ಲೇಪ ಹತ್ತಿರುತ್ತದೆ. ಉಗುರಿನಿಂದ ಕೆರೆದರೆ ಅದು ತುಕ್ಕಿನ ಪುಡಿಯಂತೆ ಬರುತ್ತದೆ. ಅದು ತುಕ್ಕೇ. ಬೇರಿನಿಂದ ಹೊರಸೂಸುವ ಆಮ್ಲಜನಕ ನೀರು ನಿಂತ ಮಣ್ಣಿನಲ್ಲಿ ಕರಗಿರುವ ಕಬ್ಬಿಣವನ್ನು ಉತ್ಕರ್ಷಿಸಿ ಬೇರಿನ ಮೇಲೆಯೇ ಕೂರಿಸುತ್ತದೆ. ಕೆಟ್ಟ ಮಡಿಯ ಬುಡವನ್ನು ಎತ್ತಿದಾಗ ಮೊದಲು ಬರುವುದು ಕೊಳೆತ ಮೊಟ್ಟೆಯ ವಾಸನೆ, ಆಮೇಲೆ ಕಾಣುವುದು ಕಪ್ಪು ಬೇರು. ಸಲ್ಫೇಟ್ ಲವಣ ಹೆಚ್ಚಿರುವ, ಉಸಿರುಗಟ್ಟಿದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಹೈಡ್ರೋಜನ್ ಸಲ್ಫೈಡ್ ಉಂಟುಮಾಡುತ್ತವೆ. ಅದು ಕಬ್ಬಿಣದೊಡನೆ ಸೇರಿದಾಗ ಆ ಕಪ್ಪು ಬಣ್ಣ ಬರುತ್ತದೆ. ಬೇರು ಕಪ್ಪಾಗಿದೆ ಎಂದರೆ ಭತ್ತದ ಗಾಳಿ ಕೊಳವೆಗಳೂ ಸೋಲುತ್ತಿವೆ ಎಂದರ್ಥ. ಆ ಗದ್ದೆಯ ನೀರನ್ನು ಒಮ್ಮೆ ಬಸಿದು, ಮಣ್ಣಿಗೆ ಕೆಲವು ದಿನ ಗಾಳಿಯಾಡಲು ಬಿಟ್ಟು, ಮತ್ತೆ ಹೊಸ ನೀರು ಕಟ್ಟುವುದರಿಂದ ಆಗುವ ಉಪಕಾರ ಯಾವ ಸಿಂಪಡಣೆಯಿಂದಲೂ ಆಗುವುದಿಲ್ಲ.

ನಮ್ಮ ರೂಢಿಯೋ ಎಲೆಯನ್ನು ಮಾತ್ರ ನೋಡುವುದು. ಎಲೆಯ ತುದಿ ಒಣಗಿದೆ ಎಂದರೆ ಅದನ್ನು ಕಿತ್ತುಕೊಂಡು ಗೊಬ್ಬರ ಮತ್ತು ಔಷಧದ ಅಂಗಡಿಗೆ ಹೋಗುವುದು, ಅಲ್ಲಿ ಕೊಟ್ಟದ್ದನ್ನು ತಂದು ಹೊಡೆಯುವುದು. ಉಪ್ಪಿನ ಬಾಧೆ, ಪೊಟ್ಯಾಷ್ ಕೊರತೆ, ದುಂಡಾಣು ಅಂಗಮಾರಿ ರೋಗ ಮೂರರಲ್ಲೂ ತುದಿ ಒಣಗುವುದರಿಂದ ಕಿತ್ತ ಎಲೆಯೊಂದನ್ನೇ ನೋಡಿ ಹೇಳುವುದು ಕಷ್ಟವೂ ಹೌದು. ಗದ್ದೆಯಲ್ಲಿ ನಿಂತು ನೋಡಿದರೆ ವ್ಯತ್ಯಾಸ ಸಿಗುತ್ತದೆ. ಅಂಗಮಾರಿಯಲ್ಲಿ ಎಲೆಯ ಅಂಚಿನಗುಂಟ ಅಲೆಯಲೆಯಾಗಿ ಹಳದಿ ಪಟ್ಟೆ ಇಳಿಯುತ್ತದೆ, ಬೆಳಗಿನ ಹೊತ್ತು ಅದರ ಮೇಲೆ ಹಾಲಿನಂಥ ಹನಿಗಳು ಕಾಣಬಹುದು. ಉಪ್ಪಿನಲ್ಲಿ ಮೊದಲು ಸಾಯುವುದು ಹಳೆಯ ಎಲೆಗಳು, ಏಕೆಂದರೆ ಗಿಡ ಎಳೆಯ ಎಲೆಯನ್ನೂ ಬರಲಿರುವ ತೆನೆಯನ್ನೂ ಉಳಿಸಿಕೊಳ್ಳಲು ಸೋಡಿಯಂ ಅನ್ನು ಹಳೆಯ ಎಲೆಗಳಿಗೆ ತುಂಬುತ್ತದೆ. ಎಲ್ಲಕ್ಕಿಂತ ಮಿಗಿಲಾದ ಗುರುತು ಜಾಗದ್ದು: ಉಪ್ಪಿನ ಬಾಧೆ ಗದ್ದೆಯ ಉದ್ದಗಲಕ್ಕೂ ಸಮನಾಗಿ ಇರುವುದಿಲ್ಲ, ಮಟ್ಟವಾಗದೆ ಉಳಿದ ದಿಬ್ಬದ ಮೇಲೆ, ನೀರು ಮೊದಲು ಆರುವ ಕಡೆ, ಬದುವಿನ ಬದಿಯಲ್ಲಿ ತೇಪೆತೇಪೆಯಾಗಿ ಕಾಣುತ್ತದೆ. ರೋಗ ದಿಬ್ಬ ತಗ್ಗು ನೋಡಿ ಬರುವುದಿಲ್ಲ.

ಗಿಡದ ವಯಸ್ಸಿನ ವಿಷಯವೂ ಇದೆ. ಮೊಳಕೆಯೊಡೆಯುವಾಗ ಭತ್ತ ಉಪ್ಪನ್ನು ಸಾಕಷ್ಟು ತಾಳುತ್ತದೆ. ಎರಡು ಮೂರು ಎಲೆಯ ಸಸಿಯಾಗಿದ್ದಾಗ ತೀರ ಮೆತ್ತಗಿರುತ್ತದೆ. ತೆಂಡೆ ಒಡೆಯುವಾಗ ಮತ್ತೆ ಗಟ್ಟಿಯಾಗುತ್ತದೆ. ತೆನೆ ಮೂಡುವ ಹೊತ್ತಿಗೆ ಮತ್ತು ಹೂವಾಡುವಾಗ ಮತ್ತೊಮ್ಮೆ ಸೋಲುತ್ತದೆ. ಕೊನೆಯ ಸೋಲೇ ರೈತನಿಗೆ ಹೆಚ್ಚು ನಷ್ಟ ತರುವುದು, ಏಕೆಂದರೆ ಅದು ಹೊರಗೆ ಕಾಣುವುದಿಲ್ಲ. ಪರಾಗ ಸತ್ವಹೀನವಾಗಿ ಕಾಳು ಕಟ್ಟುವುದಿಲ್ಲ. ತೆನೆ ನೆಟ್ಟಗೆ ನಿಂತಿರುವುದನ್ನು ಕಂಡು ಬೆಳೆ ಚೆನ್ನಾಗಿದೆ ಎಂದುಕೊಂಡವರಿಗೆ ಅದು ಬಾಗದೆ ಇರುವುದು ಜೊಳ್ಳಿನಿಂದ ಎಂಬುದು ಕೊಯ್ಲಿನಲ್ಲಿ ತಿಳಿಯುತ್ತದೆ. ಸವಳು ಗದ್ದೆಗೆ ಇಪ್ಪತ್ತೊಂದು ದಿನದ ಎಳೆ ಸಸಿಯ ಬದಲು ಮೂವತ್ತು ದಿನ ದಾಟಿದ ಬಲಿತ ಸಸಿಯನ್ನು, ಒಂದು ಗುಣಿಗೆ ಒಂದೆರಡು ಹೆಚ್ಚಾಗಿಯೇ ನಾಟಿ ಮಾಡಿ ಎಂಬ ಸಲಹೆಯ ಹಿಂದೆ ಇರುವುದು ಈ ವಯಸ್ಸಿನ ಲೆಕ್ಕ.

ಕ್ಷಾರವಾದ ನೆಲದ ಕಥೆ ಸ್ವಲ್ಪ ಬೇರೆ, ಮತ್ತು ಅದನ್ನು ಉಪ್ಪಿನ ಜೊತೆ ಕಲಸುವುದರಿಂದ ಬಹಳ ದುಡ್ಡು ಹಾಳಾಗುತ್ತದೆ. ಸೋಡಿಯಂ ದ್ರಾವಣದಲ್ಲಷ್ಟೇ ಇರದೆ ಜೇಡಿಯ ಕಣಗಳನ್ನೇ ಹಿಡಿದುಕೊಂಡು, ವಿನಿಮಯಗೊಳ್ಳುವ ಸೋಡಿಯಂ ಶೇ 15 ದಾಟಿ, ರಸಸಾರ (ಪಿಎಚ್) 8.5ಕ್ಕಿಂತ ಮೇಲೇರಿದ ಮಣ್ಣು ಇದು. ಮಳೆ ಬಿದ್ದರೆ ಕಣಗಳು ಬಿಡಿಬಿಡಿಯಾಗಿ ರಾಡಿಯಾಗುತ್ತವೆ, ಒಣಗಿದರೆ ಕಲ್ಲಾಗುತ್ತವೆ, ನೀರು ಒಳಗೆ ಇಳಿಯುವುದೇ ಇಲ್ಲ. ಇಲ್ಲಿ ಗಿಡದ ದೂರು ಉಪ್ಪಿನದಕ್ಕಿಂತ ಹಸಿವಿನದು. ರಸಸಾರ ಏರಿದಂತೆ ಸತು ಮತ್ತು ಕಬ್ಬಿಣ ಮಣ್ಣಿನಲ್ಲಿದ್ದೂ ಬೇರಿಗೆ ಸಿಗದಂತಾಗುತ್ತವೆ. ನಾಟಿಯಾದ ಎರಡು ಮೂರು ವಾರಕ್ಕೆ ಭತ್ತದ ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಬಂದು ಗಿಡ ಕುಗ್ಗುವುದನ್ನು ರೋಗವೆಂದೇ ತಿಳಿದಿದ್ದರು. 1966ರಲ್ಲಿ ಪಂತನಗರದಲ್ಲಿ ವೈ. ಎಲ್. ನೆನೆ ಅವರು ಅದು ಸತುವಿನ ಕೊರತೆ ಎಂದು ತೋರಿಸಿದರು. ಖೈರಾ ರೋಗ ಎಂಬ ಹೆಸರು ಮಾತ್ರ ಹಾಗೆಯೇ ಉಳಿದಿದೆ, ಶಿಲೀಂಧ್ರನಾಶಕ ಹೊಡೆಯುವವರೂ ಉಳಿದಿದ್ದಾರೆ.

ಕ್ಷಾರ ನೆಲಕ್ಕೆ ಜಿಪ್ಸಂ ಮದ್ದು ಎಂಬುದು ಎಲ್ಲರಿಗೂ ಗೊತ್ತು. ಜಿಪ್ಸಂನ ಕ್ಯಾಲ್ಸಿಯಂ ಜೇಡಿಯ ಮೇಲಿನ ಸೋಡಿಯಂ ಅನ್ನು ಎಬ್ಬಿಸಿ ತಾನು ಕೂರುತ್ತದೆ. ಎದ್ದ ಸೋಡಿಯಂ ಸಲ್ಫೇಟ್ ಆಗಿ ನೀರಿನಲ್ಲಿ ಕರಗುತ್ತದೆ. ಕರಗಿದ್ದು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರವಿಲ್ಲದ ಹೊಲಕ್ಕೆ ಜಿಪ್ಸಂ ಹಾಕಿದರೆ ಉಪ್ಪಿನ ಹೆಸರು ಬದಲಾಗುತ್ತದೆ, ಉಪ್ಪು ಅಲ್ಲಿಯೇ ಇರುತ್ತದೆ. ಹರಿಯಾಣ ಮತ್ತು ಪಂಜಾಬಿನಲ್ಲಿ ಕ್ಷಾರ ನೆಲಗಳನ್ನು ದೊಡ್ಡ ಪ್ರಮಾಣದಲ್ಲಿ ತಿದ್ದಿದ್ದು ಜಿಪ್ಸಂ ಮತ್ತು ಭತ್ತ ಎರಡರ ನೆರವಿನಿಂದಲೇ. 1969ರಲ್ಲಿ ಆರಂಭವಾದ, ಕರ್ನಾಲ್‌ನಲ್ಲಿರುವ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಅದಕ್ಕೆ ದಾರಿ ತೋರಿತು. ಭತ್ತದ ಬೇರು ಬಿಡುವ ಇಂಗಾಲದ ಡೈಆಕ್ಸೈಡ್ ಮಣ್ಣಿನಲ್ಲಿಯೇ ಇರುವ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಕರಗಿಸಿ ಕ್ಯಾಲ್ಸಿಯಂ ಒದಗಿಸುತ್ತದೆ. ನಿಂತ ನೀರು ಸೋಡಿಯಂ ಅನ್ನು ಕೆಳಗೆ ತೊಳೆಯುತ್ತದೆ. ಅಲ್ಲಿ ಭತ್ತ ನೆಲವನ್ನು ತಿದ್ದಿತು, ಇಲ್ಲಿ ಕೆಡಿಸಿತು ಎಂದರೆ ವಿರೋಧಾಭಾಸದಂತೆ ಕೇಳಬಹುದು. ಅಲ್ಲಿ ಕೊಳವೆಬಾವಿಗಳು ಅಂತರ್ಜಲವನ್ನು ಎತ್ತಿ ಎತ್ತಿ ಕೆಳಗೆ ಇಳಿಸಿದ್ದವು, ತೊಳೆದ ಸೋಡಿಯಂಗೆ ಇಳಿಯಲು ಜಾಗವಿತ್ತು. ಇಲ್ಲಿ ಎರಡು ಮೂರು ಅಡಿ ಕೆಳಗೇ ನೀರು ನಿಂತಿದೆ.

ಆದ್ದರಿಂದ ತುಂಗಭದ್ರಾ ಸೀಮೆಯಲ್ಲಿ ಯಾವ ಮಾತು ಎಲ್ಲಿಂದ ಆರಂಭವಾದರೂ ಬಸಿಗಾಲುವೆಗೆ ಬಂದು ನಿಲ್ಲುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈ ವಿಷಯದಲ್ಲಿ ದಶಕಗಳಿಂದ ಕೆಲಸ ಮಾಡಿದೆ. ಸುಮಾರು ಒಂದು ಮೀಟರ್ ಆಳದಲ್ಲಿ, ಹತ್ತಾರು ಮೀಟರ್ ಅಂತರದಲ್ಲಿ ರಂಧ್ರಗಳುಳ್ಳ ಪಿವಿಸಿ ಕೊಳವೆಗಳನ್ನು ಬಲೆಯಂಥ ಬಟ್ಟೆ ಸುತ್ತಿ ಹೂಳಿ, ಅವುಗಳ ನೀರನ್ನು ಹಳ್ಳಕ್ಕೆ ಬಿಡುವ ನೆಲದಡಿಯ ಬಸಿಗಾಲುವೆ ಹಾಕಿದ ಹೊಲಗಳಲ್ಲಿ ಕೆಲವೇ ಬೆಳೆಗಳಲ್ಲಿ ಉಪ್ಪು ಇಳಿಯುತ್ತದೆ, ಇಳುವರಿ ಏರುತ್ತದೆ. ಇದರಲ್ಲಿ ತಾಂತ್ರಿಕ ಗೂಢ ಏನೂ ಇಲ್ಲ. ಕಷ್ಟವಿರುವುದು ಕೊಳವೆ ಒಬ್ಬರ ಹೊಲದ ಗಡಿಯಲ್ಲಿ ನಿಲ್ಲುವುದಿಲ್ಲ ಎಂಬುದರಲ್ಲಿ, ಹಳ್ಳದಲ್ಲಿ ಹೂಳು ತುಂಬಿದ್ದರೆ ಬಸಿದ ನೀರು ಹಿಂದಕ್ಕೇ ಬರುತ್ತದೆ ಎಂಬುದರಲ್ಲಿ, ಹೊಲ ಗುತ್ತಿಗೆ ಮಾಡಿದವನಿಗೆ ಹತ್ತು ವರ್ಷದ ಲಾಭದಲ್ಲಿ ಪಾಲಿಲ್ಲ ಎಂಬುದರಲ್ಲಿ. ಬಸಿದ ನೀರು ಸಾರಜನಕವನ್ನೂ ಹೊತ್ತೊಯ್ಯುತ್ತದೆ. ಹಳ್ಳಕ್ಕೆ ಮೋಟರ್ ಇಟ್ಟು ಅದೇ ನೀರನ್ನು ಎತ್ತಿಕೊಳ್ಳುವ ಕೊನೆಯಂಚಿನ ರೈತರಿಗೆ ಮೇಲಿನವರ ಉಪ್ಪು ಹೋಗುತ್ತದೆ.

ಇಷ್ಟು ಹೇಳಿದ ಮೇಲೆ ತಳಿಗಳ ಮಾತನ್ನು ಎತ್ತಬಹುದು. ಸಾಮಾನ್ಯವಾಗಿ ಜನ ಅದನ್ನೇ ಮೊದಲು ಕೇಳುತ್ತಾರೆ, ನಾನು ಬೇಕೆಂದೇ ಹಿಂದಕ್ಕೆ ಇಟ್ಟೆ. ಉಪ್ಪು ತಾಳುವ ಭತ್ತ ನಮ್ಮ ಕರಾವಳಿಯಲ್ಲೇ ಇದೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ, ಮಾಣಿಕಟ್ಟಾ ಮುಂತಾದ ಊರುಗಳಲ್ಲಿ ಬೆಳೆಯುವ ಕಗ್ಗ ಭತ್ತ ಸಮುದ್ರದ ನೀರು ನುಗ್ಗುವ ನೆಲದ ಬೆಳೆ. ಎತ್ತರಕ್ಕೆ ಬೆಳೆಯುತ್ತದೆ, ಕೆಲವು ದಿನ ಮುಳುಗಿದ್ದರೂ ಸುಧಾರಿಸಿಕೊಳ್ಳುತ್ತದೆ, ಗೊಬ್ಬರ ಕೇಳುವುದಿಲ್ಲ. ತೆನೆಯನ್ನಷ್ಟೇ ಕೊಯ್ದು ಬಿಟ್ಟ ದಂಟು ಮುಂದೆ ಸಿಗಡಿ ಮತ್ತು ಮೀನಿನ ಮರಿಗಳಿಗೆ ಆಹಾರವಾಗುತ್ತದೆ. ಕೇರಳದ ಪೊಕ್ಕಾಳಿಯೂ ಇದೇ ಬಗೆಯದು. ಪೊಕ್ಕಾಳಿಯ ಒಂದನೆಯ ವರ್ಣತಂತುವಿನಲ್ಲಿ ಗುರುತಿಸಿದ ಸಾಲ್ಟೋಲ್ ಎಂಬ ಭಾಗವನ್ನು ತಳಿ ವಿಜ್ಞಾನಿಗಳು ಹೆಚ್ಚು ಇಳುವರಿಯ ತಳಿಗಳಿಗೆ ಸೇರಿಸಿದ್ದಾರೆ. ಬಂಗಾಳದ ನೋನಾ ಬೊಕ್ರಾ ಎಂಬ ತಳಿಯಿಂದ 2005ರಲ್ಲಿ ಬೇರ್ಪಡಿಸಿದ ಜೀನ್ ಒಂದು, ಕಾಂಡಕ್ಕೆ ಏರುತ್ತಿರುವ ರಸದಿಂದ ಸೋಡಿಯಂ ಅನ್ನು ಹಿಂದಕ್ಕೆ ಎಳೆದುಕೊಳ್ಳುವ ಸಾಗಣೆಯ ಪ್ರೋಟೀನಿನದು ಎಂಬುದೂ ತಿಳಿದಿದೆ. ಗಂಗಾವತಿ ಕೇಂದ್ರದಿಂದ ಬಂದ ಗಂಗಾವತಿ ಸೋನಾ ಈ ಸೀಮೆಯ ರೈತರಿಗೆ ಪರಿಚಿತ.

ಕಗ್ಗದ ನೆಲಕ್ಕೂ ಕಾರಟಗಿಯ ನೆಲಕ್ಕೂ ಇರುವ ವ್ಯತ್ಯಾಸವನ್ನು ಮರೆತು ತಳಿಯನ್ನು ಮಾತ್ರ ಎತ್ತಿ ತರಲಾಗದು. ಗಜನಿಯಲ್ಲಿ ಬೇಸಿಗೆಯಲ್ಲಿ ಕೂತ ಉಪ್ಪನ್ನು ಕರಾವಳಿಯ ಮಳೆಗಾಲ ಪ್ರತಿ ವರ್ಷ ತೊಳೆದು ಅಳಿವೆಗೆ ಒಯ್ಯುತ್ತದೆ. ಉಪ್ಪು ಇಳಿದ ಆ ತಿಂಗಳುಗಳಲ್ಲಿ ಕಗ್ಗ ಮೊಳೆತು ಬೆಳೆದು ತೆನೆ ಬಿಡುತ್ತದೆ. ಅದರ ತಾಳಿಕೆ ಆ ಋತುಚಕ್ರದ ಜೊತೆಗೇ ರೂಪುಗೊಂಡದ್ದು. ಸಾಲ್ಟೋಲ್‌ನ ಪ್ರಯೋಜನವೂ ಮುಖ್ಯವಾಗಿ ಸಸಿಯ ಹಂತದ್ದು, ಹೂವಾಡುವ ಹಂತದ್ದನ್ನು ಅದೊಂದೇ ನಿಭಾಯಿಸುವುದಿಲ್ಲ. ಬಸಿಗಾಲುವೆಯ ಜೊತೆಗೆ ಬಂದ ತಾಳಿಕೆಯ ತಳಿ ರೈತನಿಗೆ ನೆಲ ಸುಧಾರಿಸುವವರೆಗಿನ ನಾಲ್ಕೈದು ಬೆಳೆಗಳನ್ನು ದೊರಕಿಸಿಕೊಡುತ್ತದೆ. ಬಸಿಗಾಲುವೆ ಇಲ್ಲದೆ ಬಂದರೆ ಅದು ಹಿಂದೆ ಹೇಳಿದ ಮರೆಯನ್ನು ಇನ್ನಷ್ಟು ದಪ್ಪವಾಗಿಸುತ್ತದೆ.

ಮಣ್ಣು ಆರೋಗ್ಯ ಚೀಟಿಯ ಬಗ್ಗೆ ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು, ಏಕೆಂದರೆ ಅದರಲ್ಲಿರುವ ಇ.ಸಿ.ಯನ್ನು ಮೇಲಿನ ಕೋಷ್ಟಕದ ಇ.ಸಿ.ಯ ಪಕ್ಕದಲ್ಲಿಟ್ಟು ಸಮಾಧಾನಪಟ್ಟವರನ್ನು ನೋಡಿದ್ದೇನೆ. ಕೋಷ್ಟಕದ ಅಂಕಿಗಳು ಸಾಮಾನ್ಯವಾಗಿ ನೀರಿನಿಂದ ಸಂತೃಪ್ತವಾದ ಮಣ್ಣಿನ ರಸವನ್ನು ಹಿಂಡಿ ಅಳೆದವು. ಪ್ರಯೋಗಾಲಯಗಳು ಚೀಟಿಗಾಗಿ ಅಳೆಯುವುದು ಒಂದು ಪಾಲು ಮಣ್ಣಿಗೆ ಎರಡು ಅಥವಾ ಎರಡೂವರೆ ಪಾಲು ನೀರು ಬೆರೆಸಿದ ತೆಳುವಾದ ದ್ರಾವಣವನ್ನು. ಅದೇ ಮಣ್ಣಿನ ಸಂತೃಪ್ತ ರಸದ ಇ.ಸಿ. ಅದರ ಎರಡು ಮೂರು ಪಟ್ಟಿರುವುದು ಸಾಮಾನ್ಯ. ಚೀಟಿಯಲ್ಲಿ 1.5 ಎಂದಿದ್ದರೆ ಭತ್ತದ ಮಿತಿ ಮುಟ್ಟಿದೆ ಅಥವಾ ದಾಟಿದೆ ಎಂದೇ ತಿಳಿಯಬೇಕು. ಮಾದರಿಯನ್ನು ಯಾವಾಗ ತೆಗೆದರು ಎಂಬುದೂ ಮುಖ್ಯ: ನೀರು ಬಸಿದ ಕೂಡಲೇ ತೆಗೆದ ಮಣ್ಣಿಗೂ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಒಣಗಿದ ಮೇಲ್ಪದರಕ್ಕೂ ಅಜಗಜಾಂತರ. ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರಿಲ್ಲದ ವರ್ಷ ಹೊಲ ಬೀಳುಬಿದ್ದಾಗ ಉಪ್ಪು ಮೇಲೇರುವುದಕ್ಕೆ ತಡೆಯೇ ಇರುವುದಿಲ್ಲ. ಅಂಥ ಹೊಲಕ್ಕೆ ಮುಂಗಾರಿನ ಮೊದಲ ನೀರಿಗೆ ಡಯಾಂಚ ಎಂಬ ಹಸಿರೆಲೆ ಗೊಬ್ಬರದ ಬೀಜ ಚೆಲ್ಲಿ, ನಲವತ್ತೈದು ದಿನಕ್ಕೆ ಹೂವಾಡುವ ಮುಂಚೆ ಮಣ್ಣಿಗೆ ಸೇರಿಸಿ, ಆಮೇಲೆ ನಾಟಿ ಮಾಡುವುದು ಹಳೆಯ, ಈಗಲೂ ಅಗ್ಗವಾದ ಉಪಾಯ. ಡಯಾಂಚ ಸವಳನ್ನೂ ಜವಳನ್ನೂ ತಾಳುತ್ತದೆ, ಕೊಳೆಯುವಾಗ ಎರೆ ಮಣ್ಣಿನ ಸುಣ್ಣದ ಹರಳುಗಳನ್ನು ಕರಗಿಸುತ್ತದೆ.

ಈಚಿನ ವರ್ಷಗಳಲ್ಲಿ ನೀರಿನ ಕೊರತೆಯಿಂದ ನಾಟಿ ಬಿಟ್ಟು ಕೂರಿಗೆ ಭತ್ತಕ್ಕೆ ಹೊರಳುವವರು ಹೆಚ್ಚುತ್ತಿದ್ದಾರೆ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯವೂ ಅದನ್ನು ಪ್ರೋತ್ಸಾಹಿಸುತ್ತಿದೆ. ಅಂತರ್ಜಲ ಏರುವುದನ್ನು ತಡೆಯುವ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಬೆಳವಣಿಗೆ ಇಲ್ಲ. ಆದರೆ ಕೂರಿಗೆಯಲ್ಲಿ ಬಿತ್ತಿದ ಭತ್ತ ತನ್ನ ಎರಡು ಮೂರು ಎಲೆಯ ವಯಸ್ಸನ್ನು ಸಸಿಮಡಿಯ ಸಿಹಿ ಮಣ್ಣಿನಲ್ಲಿ ಕಳೆಯುವುದಿಲ್ಲ; ನಿಂತ ನೀರಿನ ರಕ್ಷಣೆಯೂ ಇಲ್ಲದೆ, ಉಪ್ಪು ಮೇಲೇರುವ ಬಿಸಿಲಿನ ದಿನಗಳಲ್ಲಿ ಅದೇ ಹೊಲದಲ್ಲಿ ಕಳೆಯುತ್ತದೆ. ಒಳ್ಳೆಯ ಎರೆ ಭೂಮಿಯಲ್ಲಿ ಯಶಸ್ವಿಯಾದ ಪದ್ಧತಿ ಪಕ್ಕದ ಸವಳು ಹೊಲದಲ್ಲಿ ಬೋಳು ತೇಪೆಗಳನ್ನು ಬಿಡುವುದು ಇದರಿಂದ. ಬದುವಿನ ಮೇಲೆ ಬಿಳುಪು ಕಾಣುತ್ತಿರುವ ಹೊಲವಿದ್ದವರು ಇಡೀ ಹೊಲವನ್ನು ಒಮ್ಮೆಗೇ ಕೂರಿಗೆಗೆ ಬದಲಿಸುವ ಮುಂಚೆ ಬೇಸಿಗೆಯಲ್ಲಿ ಲೇಸರ್ ಲೆವೆಲರ್‌ನಿಂದ ಮಟ್ಟ ಮಾಡಿಸಿ, ದಿಬ್ಬದಿಂದ ಒಂದು, ತಗ್ಗಿನಿಂದ ಒಂದು ಎಂದು ಮಣ್ಣಿನ ಮಾದರಿಗಳನ್ನು ಬೇರೆ ಬೇರೆಯಾಗಿ ಪರೀಕ್ಷೆಗೆ ಕೊಡಬೇಕು. ಎರಡನ್ನೂ ಕಲಸಿ ಒಂದೇ ಚೀಲದಲ್ಲಿ ಕೊಟ್ಟರೆ ಬರುವ ಸರಾಸರಿ ಅಂಕಿ ಆ ಹೊಲದ ಯಾವ ಗಿಡಕ್ಕೂ ಸಂಬಂಧಪಟ್ಟಿರುವುದಿಲ್ಲ.